ಸಂಗೊಳ್ಳಿಯ ಶೇತಸನದಿ

ಕಾಶೀಕ್ಷೇತ್ರದ ಗೋದೌಲಿಯಾ ಚೌಕದಿಂದ ಮೂಡಣಕ್ಕೆ ಹೊರಟ ಹಾದಿ ದಶಾಶ್ವಮೇಧ ಘಾಟಿನ ಮೆಟ್ಟಿಲುಗಳತ್ತ ಇಳಿಯುತ್ತದೆ. ತೆಂಕಣಕ್ಕೆ ತಿರುಗಿದ ಹಾದಿ ಜಂಗಮವಾಡಿ ಮಠದ ಮುಂದೆ ಹಾದು, ಮದನಪುರ, ಸೋನಾರಪುರಗಳನ್ನು ದಾಟಿ ಶಿವಾಲಾ ಘಾಟಿನ ಕಡೆಗೆ ಸಾಗುತ್ತದೆ. ಕನ್ನಡ ನಾಡಿನ ಯಾತ್ರಿಕರು ಮೊದಲ ಹಾದಿಯನ್ನು ಗಂಗಾಸ್ನಾನಕ್ಕಾಗಿ ತುಳಿಯುತ್ತಾರೆ, ಎರಡನೆಯದನ್ನು ಮಠದ ದರ್ಶನಕ್ಕಾಗಿ. ಬೆಳಗಾವಿ, ಧಾರವಾಡ, ವಿಜಯಪುರ, ಕಲಬುರಗಿಗಳ ಭಕ್ತ ಮನೆತನಗಳು ತಮ್ಮ ಗತಿಸಿದ ಹಿರಿಯರ ನೆನಪಿಗೆ ಶಿವಲಿಂಗಗಳನ್ನು ಪ್ರತಿಷ್ಠಾಪಿಸುವುದು ಆ ಮಠದ ಅಂಗಳದಲ್ಲಿಯೇ. ಮೊಗಲ್ ಬಾದಶಹರು ಜಂಗಮರಿಗೆ ಭೂಮಿಯನ್ನು ಬಿಟ್ಟುಕೊಟ್ಟ ಫರ್ಮಾನುಗಳನ್ನು ಆ ಮಠ ಶತಮಾನಗಳ ಕಾಲ ಜೋಪಾನ ಮಾಡಿಕೊಂಡು ಬಂದಿದೆ. ಸಿಂಹಾಸನಗಳು ಉರುಳಿದವು, ವಂಶಗಳು ಅಳಿದವು, ಆದರೆ ಒಬ್ಬ ಅರಸ ಕೊಟ್ಟ ಭೂಮಿಯ ಮಾತನ್ನು ಅವನ ತರುವಾಯ ಬಂದವನು ಮನ್ನಿಸಬೇಕು ಎಂಬ ಧರ್ಮ ಈ ದೇಶದಲ್ಲಿ ಬಹುಕಾಲ ಉಳಿದಿತ್ತು. ಆ ಧರ್ಮ ಮುರಿದುಬಿದ್ದ ಯುಗವೊಂದು ಬಂತು. ಅದರ ಮೊದಲ ಅಬ್ಬರ ಕೇಳಿಸಿದ್ದು ಇದೇ ಕಾಶಿಯ ಶಿವಾಲಾ ಘಾಟಿನಲ್ಲಿ. ಕನ್ನಡ ನೆಲದಲ್ಲಿ ಅದಕ್ಕೆ ರಕ್ತದ ಉತ್ತರವನ್ನು ಬರೆದವನು ಮಲಪ್ರಭೆಯ ಸೀಮೆಯ ಒಬ್ಬ ಹಳ್ಳಿಯ ಕಾವಲುಗಾರ.

ಕಾಶಿಯ ಕಥೆಯನ್ನು ಮೊದಲು ಹೇಳಬೇಕು. 1775ರಲ್ಲಿ ಅವಧದ ನವಾಬನ ಕೈಯಿಂದ ಕಾಶಿಯ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಅಧೀನಕ್ಕೆ ಬಂದಾಗ ರಾಜಾ ಚೇತಸಿಂಹನಿಗೆ ಕಂಪನಿಯೇ ಸನದು ಕೊಟ್ಟಿತು. ವರ್ಷಕ್ಕೆ ಸುಮಾರು ಇಪ್ಪತ್ತೆರಡೂವರೆ ಲಕ್ಷ ರೂಪಾಯಿ ಕಪ್ಪ ಸಲ್ಲಿಸಿದರೆ ಸಾಕು, ಮಿಕ್ಕ ಅಧಿಕಾರವೆಲ್ಲ ಆತನದೇ ಎಂಬುದು ಅಂದಿನ ಮಾತು. ಮೂರು ವರ್ಷ ಕಳೆಯುವಷ್ಟರಲ್ಲಿ, ಫ್ರೆಂಚರೊಡನೆ ಯುದ್ಧವೆಂಬ ನೆಪದಲ್ಲಿ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಮೇಲೆ ಐದು ಲಕ್ಷ ಕೇಳಿದ. ಮರುವರ್ಷ ಮತ್ತೆ ಐದು ಲಕ್ಷ, ಅದರ ಮರುವರ್ಷ ಮತ್ತೆ ಐದು. ಆಮೇಲೆ ಕುದುರೆ ಸವಾರರನ್ನು ಕೇಳಿದ. ಕೊನೆಗೆ ಐವತ್ತು ಲಕ್ಷ ದಂಡ ವಸೂಲು ಮಾಡುವ ಸಂಕಲ್ಪದೊಡನೆ 1781ರ ಆಗಸ್ಟ್‌ನಲ್ಲಿ ತಾನೇ ಕಾಶಿಗೆ ಬಂದಿಳಿದ. ಆಗಸ್ಟ್ 16ರಂದು ಶಿವಾಲಾದ ಅರಮನೆಯಲ್ಲಿ ರಾಜನನ್ನು ಸೆರೆಹಿಡಿಯಲಾಯಿತು. ಕಾವಲು ನಿಂತ ಕಂಪನಿಯ ಸಿಪಾಯಿಗಳ ಬಂದೂಕುಗಳಲ್ಲಿ ಮದ್ದುಗುಂಡು ಇರಲಿಲ್ಲ. ರಾಮನಗರದ ಕಡೆಯಿಂದ ಗಂಗೆಯನ್ನು ದಾಟಿ ಬಂದ ರಾಜನ ಜನ ಅವರನ್ನು ಮೂವರು ಇಂಗ್ಲಿಷ್ ಅಧಿಕಾರಿಗಳ ಸಮೇತ ತರಿದುಹಾಕಿದರು. ಚೇತಸಿಂಹ ಪಾಗುಗಳನ್ನು ಗಂಟುಹಾಕಿ ಕಿಟಕಿಯಿಂದ ಇಳಿದು ದೋಣಿ ಹತ್ತಿದ. ಇಡೀ ಹಿಂದೂಸ್ಥಾನಕ್ಕೆ ಆಜ್ಞೆ ಹೊರಡಿಸಬೇಕೆಂದಿದ್ದ ಹೇಸ್ಟಿಂಗ್ಸ್ ಒಂದು ರಾತ್ರಿ ಚುನಾರದ ಕೋಟೆಗೆ ಓಡಿಹೋಗಬೇಕಾಯಿತು. ವಿಜಯ ತಿಂಗಳು ತುಂಬುವವರೆಗೆ ನಿಂತೀತೋ ಇಲ್ಲವೋ, ಕಂಪನಿಯ ಸೈನ್ಯ ತಿರುಗಿ ಬಂತು. ಚೇತಸಿಂಹ ರಾಜ್ಯಭ್ರಷ್ಟನಾಗಿ ಗ್ವಾಲಿಯರಿನ ಆಶ್ರಯಕ್ಕೆ ಹೋದ. ಗದ್ದುಗೆಗೆ ಬಂದವನ ಮೇಲೆ ನಲವತ್ತು ಲಕ್ಷದ ಕಪ್ಪ ಬಿತ್ತು. ಸನದು, ಅದರ ಮೇಲೆ ಹೊಸ ಬೇಡಿಕೆ, ಬೊಕ್ಕಸದ ಮೇಲೆ ಕಣ್ಣು, ಕ್ಷಣಿಕ ಜಯ, ಸೈನ್ಯದ ಮರುದಾಳಿ, ಅರಸನ ಪತನ: ಕಾಶಿಯಲ್ಲಿ ನಡೆದ ಈ ಕ್ರಮವನ್ನು ಓದುಗರು ಮನಸ್ಸಿನಲ್ಲಿಡಬೇಕು. ನಲವತ್ತಮೂರು ವರ್ಷಗಳ ತರುವಾಯ ಕಿತ್ತೂರಿನಲ್ಲಿ ಅದೇ ಕ್ರಮ ಮರಳಿ ನಡೆಯಿತು.

ಕಿತ್ತೂರು ಚಕ್ರವರ್ತಿಗಳ ರಾಜ್ಯವಲ್ಲ. ವಿಜಾಪುರದ ಆದಿಲಶಾಹಿಗಳ ಕಾಲದಲ್ಲಿ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಸಹೋದರರು 1585ರ ಸುಮಾರಿಗೆ ಸಂಪಗಾವಿಯಲ್ಲಿ ಸ್ಥಾಪಿಸಿದ ದೇಸಗತಿ ಅದು. ಅಲ್ಲಪ್ಪಗೌಡ ಸರದೇಸಾಯಿಯ ಕಾಲಕ್ಕೆ ಕಿತ್ತೂರಿನಲ್ಲಿ ಕೋಟೆ ಎದ್ದಿತು. ಮೊಗಲರು ಬಂದರು, ಸವಣೂರಿನ ನವಾಬರು ಬಂದರು, ಮರಾಠರು, ಹೈದರ, ಟಿಪ್ಪು ಬಂದರು. ಯಾರ ಬಿರುಗಾಳಿಗೆ ಎಷ್ಟು ಬಾಗಬೇಕೆಂಬುದನ್ನು ಅರಿತಿದ್ದ ದೇಸಾಯರು ಬಾಗಿದರೂ ಬುಡಮೇಲಾಗಲಿಲ್ಲ. ಮಲ್ಲಸರ್ಜನ ಆಳಿಕೆಯಲ್ಲಿ ಕಿತ್ತೂರಿನ ಕೀರ್ತಿ ಶಿಖರಕ್ಕೇರಿತು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದು ರಾಜ್ಯವನ್ನು ಮರಳಿ ಕಟ್ಟಿದ ಆ ಧೀರನನ್ನು ಕಡೆಗೆ ಪೇಶ್ವೆ ಎರಡನೆಯ ಬಾಜೀರಾಯನ ಬಂಧನ ಬಳಲಿಸಿತು; 1816ರಲ್ಲಿ ಆತ ಕಾಲವಾದ. ಮಗ ಶಿವಲಿಂಗರುದ್ರಸರ್ಜ, ತಂದೆಯ ಸೆರೆಯನ್ನು ಮರೆಯದ ಮಗ, 1818ರಲ್ಲಿ ಪೇಶ್ವೆಯ ವಿರುದ್ಧ ಬೆಳಗಾವಿಯ ಕೋಟೆಗೆ ಮುತ್ತಿಗೆ ಹಾಕಿದ ಕಂಪನಿಗೆ ನೆರವಾದ. ಪ್ರತಿಫಲವಾಗಿ ಕಂಪನಿ ಸನದು ಕೊಟ್ಟಿತು. ಅಂದು ಕಿತ್ತೂರಿನ ದರಬಾರಿನಲ್ಲಿ ಆ ಕಾಗದವನ್ನು ಕಣ್ಣಿಗೊತ್ತಿಕೊಂಡವರಾರಿಗೂ ಚೇತಸಿಂಹನ ಕಥೆ ನೆನಪಾಗಿರಲಾರದು.

ಆ ರಾಜ್ಯದ ನಿಜವಾದ ಬಲ ಕೋಟೆಯ ಕಲ್ಲಿನಲ್ಲಿರಲಿಲ್ಲ, ಹಳ್ಳಿಹಳ್ಳಿಯ ಶೇತಸನದಿಗಳಲ್ಲಿತ್ತು. ಸರಕಾರದಿಂದ ಹೊಲ ಪಡೆದು, ಅದಕ್ಕೆ ಪ್ರತಿಯಾಗಿ ಊರು ಕಾಯುವ ಮನೆತನಗಳು ಇವು. ಹಗಲು ಚಾವಡಿಯಲ್ಲಿ ಗೌಡ, ಕುಲಕರ್ಣಿಗಳ ಅಪ್ಪಣೆಗೆ ಸಿದ್ಧನಾಗಿ ನಿಲ್ಲುವುದು. ಕಂದಾಯದ ಹಣದ ಚೀಲ ಕಚೇರಿಗೆ ಹೋಗುವಾಗ ಬೆಂಗಾವಲಾಗಿ ನಡೆಯುವುದು. ರಾತ್ರಿ ಕಂಬಳಿ ಹೊದ್ದು, ಕೈಯಲ್ಲಿ ಬಡಿಗೆ ಹಿಡಿದು ಗಸ್ತು ತಿರುಗುವುದು. ಎತ್ತು ಕಳುವಾದರೆ ಬೆಳಕು ಹರಿಯುವ ಮೊದಲೇ ಹೆಜ್ಜೆಯ ಜಾಡು ಹಿಡಿದು, ಆ ಜಾಡು ಯಾವ ಊರಿನ ಸೀಮೆಯನ್ನು ಹೊಕ್ಕಿತೆಂದು ತೋರಿಸಿಕೊಡುವುದು. ಅಪರಿಚಿತನು ಬಂದರೆ ಎಲ್ಲಿಂದ, ಯಾರ ಮನೆಗೆ ಎಂದು ವಿಚಾರಿಸುವುದು. ಇದು ಶಾಂತಿಕಾಲದ ಕೆಲಸ. ರಣಭೇರಿ ಬಾರಿಸಿದ ದಿನ ಇದೇ ಮನುಷ್ಯ ಬಡಿಗೆಯನ್ನು ಬದಿಗಿಟ್ಟು ಕತ್ತಿ, ಗುರಾಣಿ ಹಿಡಿದು ದೇಸಾಯಿಯ ದಂಡಿನಲ್ಲಿ ನಿಲ್ಲಬೇಕು. ಇಂದಿನ ಮಾತಿನಲ್ಲಿ ಹೇಳಬೇಕೆಂದರೆ ಪೊಲೀಸನೂ ಅವನೇ, ಸೈನಿಕನೂ ಅವನೇ. ಅವನಿಗೆ ತಿಂಗಳ ಸಂಬಳವಿರಲಿಲ್ಲ. ಹೊಲವೇ ಸಂಬಳ, ಹೊಲವೇ ಮಾನ, ಹೊಲವೇ ಅರಸನಿಗೂ ಅವನಿಗೂ ನಡುವಿನ ವಚನ. ಇಂಥ ಒಂದು ಕುರುಬ ಮನೆತನದಲ್ಲಿ, ಈಗಿನ ಬೈಲಹೊಂಗಲ ತಾಲೂಕಿನ ಸಂಗೊಳ್ಳಿ ಗ್ರಾಮದಲ್ಲಿ, ಭರಮಪ್ಪ ಮತ್ತು ಕೆಂಚಮ್ಮರ ಮಗನಾಗಿ ಹದಿನೆಂಟನೆಯ ಶತಮಾನದ ಕೊನೆಯ ವರ್ಷಗಳಲ್ಲಿ ರಾಯಣ್ಣ ಹುಟ್ಟಿದ. ಪರಂಪರೆ ಹೇಳುವ ದಿನ 1798ರ ಆಗಸ್ಟ್ 15. ಗರಡಿಯ ಮಣ್ಣಿನಲ್ಲಿ ಬೆಳೆದ ದೇಹ, ಕಾಡಿನ ಕಾಲುದಾರಿಗಳನ್ನು ಬಲ್ಲ ಕಣ್ಣು, ಕಾವಲಿನ ಕೆಲಸ ಕಲಿಸಿದ ಎಚ್ಚರ. ಮುಂದೆ ಕಂಪನಿಯನ್ನು ಕಂಗೆಡಿಸಿದ ವಿದ್ಯೆಯನ್ನು ಆತ ಯಾವ ರಣಶಾಲೆಯಲ್ಲಿಯೂ ಕಲಿಯಲಿಲ್ಲ. ಕಳ್ಳನ ಜಾಡು ಹಿಡಿಯಬಲ್ಲವನಿಗೆ ತನ್ನ ಜಾಡನ್ನು ಮರೆಸುವುದೂ ಗೊತ್ತು.

1824ರ ಸೆಪ್ಟೆಂಬರ್ 11ರಂದು ಶಿವಲಿಂಗರುದ್ರಸರ್ಜ ಸಂತಾನವಿಲ್ಲದೆ ತೀರಿಕೊಂಡ. ಶಿವಲಿಂಗಪ್ಪನೆಂಬ ಬಾಲಕನ ದತ್ತಕವಾಗಿತ್ತು. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಆ ದತ್ತಕ ಸಲ್ಲದೆಂದ. ಕಿತ್ತೂರಿನ ಬೊಕ್ಕಸಕ್ಕೆ ಮುದ್ರೆ ಒತ್ತಿ ತನ್ನ ಕಾವಲು ಇಟ್ಟ. ಆ ಬೊಕ್ಕಸದಲ್ಲಿ ಸುಮಾರು ಹದಿನೈದು ಲಕ್ಷ ರೂಪಾಯಿಗಳ ಸಂಪತ್ತಿತ್ತೆಂದು ಹೇಳುತ್ತಾರೆ. ಡಾಲ್‌ಹೌಸಿಯ ದತ್ತಕ ನಿಷೇಧದ ನೀತಿ ಝಾನ್ಸಿ, ಸಾತಾರೆ, ನಾಗಪುರಗಳನ್ನು ನುಂಗಿದ್ದು ಕಾಲು ಶತಮಾನದ ಮೇಲೆ. ಅಂಥ ನೀತಿಯ ಮೊದಲ ತುತ್ತುಗಳಲ್ಲಿ ಕಿತ್ತೂರು ಒಂದೆಂಬುದನ್ನು ಉತ್ತರದ ಇತಿಹಾಸಕಾರರು ಇಂದಿಗೂ ಸಾಕಷ್ಟು ಒತ್ತಿ ಹೇಳುವುದಿಲ್ಲ. ಮಲ್ಲಸರ್ಜನ ಕಿರಿಯ ರಾಣಿ, ಕಾಕತಿಯ ಮಗಳು ಚೆನ್ನಮ್ಮ, ಮುಂಬಯಿಯ ಗವರ್ನರನಿಗೆ ಬರೆಯಿಸಿದ ಮನವಿಗಳು ಫಲ ಕೊಡಲಿಲ್ಲ. ಅಕ್ಟೋಬರ್ 23ರಂದು ಥ್ಯಾಕರೆ ಮದ್ರಾಸಿನ ಕುದುರೆ ಫಿರಂಗಿದಳವನ್ನು ಕೋಟೆಯ ಬಾಗಿಲಿಗೆ ತಂದು ನಿಲ್ಲಿಸಿದ. ಗಡುವು ಮುಗಿಯಿತು, ಬಾಗಿಲು ತೆರೆಯಿತು. ತೆರೆದ ಬಾಗಿಲಿನಿಂದ ಶರಣಾಗತಿ ಬರಲಿಲ್ಲ, ಕಿತ್ತೂರಿನ ದಂಡು ಬಂತು. ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಉರುಳಿದ. ಬ್ಲ್ಯಾಕ್, ಸ್ಯೂಯೆಲ್, ಡೈಟನ್ ಎಂಬ ಸೇನಾಧಿಕಾರಿಗಳೂ ಸತ್ತರು. ಎಲಿಯಟ್, ಸ್ಟೀವನ್‌ಸನ್ ಎಂಬಿಬ್ಬರು ಸೆರೆಸಿಕ್ಕರು. ಚೆನ್ನಮ್ಮ ಅವರನ್ನು ಗೌರವದಿಂದ ನಡೆಸಿಕೊಂಡಳು, ಕದನ ನಿಲ್ಲಿಸುವ ಮಾತಿನ ಮೇಲೆ ಬಿಟ್ಟುಕೊಟ್ಟಳು. ಆ ವಾಲ್ಟರ್ ಎಲಿಯಟ್ ಆಗ ಇಪ್ಪತ್ತೊಂದರ ತರುಣ. ಮುಂದೆ ಕನ್ನಡ ನಾಡನ್ನೆಲ್ಲ ಸುತ್ತಿ ಚಾಲುಕ್ಯರ, ಕದಂಬರ, ಯಾದವರ ನೂರಾರು ಶಾಸನಗಳ ಪ್ರತಿ ಮಾಡಿಸಿದ ವಿದ್ವಾಂಸನಾದ. ನಮ್ಮ ಪ್ರಾಚೀನ ಅರಸರ ಹೆಸರುಗಳನ್ನು ನಮಗೆ ಮರಳಿ ಓದಿಕೊಟ್ಟವರ ಸಾಲಿನಲ್ಲಿ ಆತನೂ ಒಬ್ಬ. ಅಂದು ಕಿತ್ತೂರಿನ ರಾಣಿ ಕ್ರೋಧಕ್ಕೆ ವಶಳಾಗಿದ್ದರೆ ಆ ಕೆಲಸ ಇನ್ನೆಷ್ಟು ದಶಕ ಕಾಯಬೇಕಿತ್ತೋ! ರಾಜಧರ್ಮದ ಒಂದು ಕೃತ್ಯದಿಂದ ಎಂಥ ಫಲ ಬರುತ್ತದೆಂಬುದನ್ನು ಕಾಲವೊಂದೇ ಬಲ್ಲದು.

ಆದರೆ ಎದುರಾಳಿ ಮಾತಿಗೆ ನಿಲ್ಲಲಿಲ್ಲ. ಡಿಸೆಂಬರ್ ಆರಂಭದಲ್ಲಿ ದಖನ್ನಿನ ಕಮಿಷನರ್ ಚಾಪ್ಲಿನ್ ಹಲವು ಕಡೆಗಳಿಂದ ಕೂಡಿಸಿದ ಮಹಾಸೈನ್ಯ ಕಿತ್ತೂರನ್ನು ಮುತ್ತಿತು. ಸೊಲ್ಲಾಪುರದ ಉಪ ಕಲೆಕ್ಟರ್ ಮನ್ರೋ ಆ ಕದನದಲ್ಲಿ ಬಿದ್ದ. ಆದರೂ ಫಿರಂಗಿಗಳ ಮುಂದೆ ಗೋಡೆ ನಿಲ್ಲಲಿಲ್ಲ. 1824ರ ಡಿಸೆಂಬರ್ 5ರಂದು ಕಿತ್ತೂರು ಬಿತ್ತು. ಕೋಟೆಯೊಳಗಿನವರೇ ಮದ್ದಿಗೆ ಸಗಣಿ ಬೆರೆಸಿ ದ್ರೋಹ ಬಗೆದರೆಂದು ನಾಡಿನ ಲಾವಣಿಗಳು ಇಂದಿಗೂ ಶಪಿಸುತ್ತವೆ. ಚೆನ್ನಮ್ಮನನ್ನೂ ಸೊಸೆಯನ್ನೂ ಬೈಲಹೊಂಗಲದ ಕೋಟೆಯಲ್ಲಿಟ್ಟರು. ಕಿತ್ತೂರಿನ ಸೈನಿಕರ ಸಾಲಿನಲ್ಲಿ ಹೋರಾಡಿದ್ದ ರಾಯಣ್ಣ ಸೆರೆಯಾಗಿ, ತರುವಾಯ ಸಾರ್ವತ್ರಿಕ ಕ್ಷಮೆಯಲ್ಲಿ ಬಿಡುಗಡೆ ಹೊಂದಿ ಸಂಗೊಳ್ಳಿಗೆ ಹಿಂದಿರುಗಿದ. ಅರಸೊತ್ತಿಗೆ ಹೋಗಿತ್ತು. ಉಳಿದದ್ದು ಹೊಲ ಮಾತ್ರ.

ಆ ಹೊಲದ ಮೇಲೂ ಕಂಪನಿಯ ಸರಪಳಿ ಬಿತ್ತು. ಹೊಸ ಆಡಳಿತದ ಲೆಕ್ಕದಲ್ಲಿ ಕಾವಲಿನ ಸೇವೆಗೆಂದು ಬಿಟ್ಟ ಭೂಮಿ ಸರಕಾರಕ್ಕೆ ನಷ್ಟ. ಅದನ್ನು ಅಳೆಯಬೇಕು, ಹೆಚ್ಚಿನದನ್ನು ಕಸಿಯಬೇಕು, ಉಳಿದುದಕ್ಕೆ ಕಂದಾಯ ಕಟ್ಟಿಸಬೇಕು. ರಾಯಣ್ಣನ ಜಮೀನಿಗೂ ಇದೇ ಗತಿ ಬಂತು. ಬಾಕಿ ವಸೂಲಿಗೆ ಬಂದ ಕುಲಕರ್ಣಿ ಮುದುಕಿ ಕೆಂಚಮ್ಮನ ಬೆನ್ನಿಗೆ ಕಲ್ಲು ಹೊರಿಸಿ ಬಿಸಿಲಿನಲ್ಲಿ ನಿಲ್ಲಿಸಿದನೆಂದು ಜನಪದರು ಹಾಡುತ್ತಾರೆ. ಹಾಡಿನ ಮಾತು ದಫ್ತರಿನ ಮಾತಲ್ಲವೆಂದು ಅಲ್ಲಗಳೆಯುವವರು ಅಲ್ಲಗಳೆಯಲಿ. ಒಂದು ಪ್ರದೇಶದ ಜನ ಎರಡು ಶತಮಾನ ಬಿಡದೆ ಹಾಡಿಕೊಂಡು ಬಂದ ಅವಮಾನ ನಡೆದೇ ಇರಲಿಲ್ಲವೆಂದು ನಂಬಲು ನನ್ನ ಮನಸ್ಸು ಒಪ್ಪುವುದಿಲ್ಲ. ಇಲ್ಲೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ರಾಯಣ್ಣನ ದಂಗೆಯನ್ನು ಸ್ವಾಮಿಭಕ್ತಿಯೆಂದಷ್ಟೇ ಕೊಂಡಾಡುವವರು ಅವನ ಅರ್ಧವನ್ನು ಮಾತ್ರ ಕಾಣುತ್ತಾರೆ. ಜಮೀನಿನ ಜಗಳವೆಂದಷ್ಟೇ ಬರೆದ ಕಂಪನಿಯ ಅಧಿಕಾರಿಗಳಂತೂ ಅದನ್ನೂ ಕಾಣಲಿಲ್ಲ. ಕಾವಲುಗಾರನಿಗೆ ಅರಸನೂ ಹೊಲವೂ ಬೇರೆಯಲ್ಲ. ದತ್ತಕ ಸಲ್ಲದೆಂದ ಕೈಯೇ ಅವನ ಹೊಲದ ಗುರುತುಗಲ್ಲನ್ನು ಕಿತ್ತಿತ್ತು. ಅರಮನೆಗೆ ಕೊಟ್ಟ ಮಾತು ಮುರಿದವರು ಗುಡಿಸಲಿಗೆ ಕೊಟ್ಟ ಮಾತನ್ನು ಉಳಿಸುವರೆಂಬ ಭ್ರಮೆ ಅಂದಿಗೆ ಹರಿಯಿತು.

1829ರ ಫೆಬ್ರವರಿ 2ರಂದು ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ ಪ್ರಾಣಬಿಟ್ಟಳು. ಅದಕ್ಕೆ ಮೊದಲು ರಾಯಣ್ಣ ವೇಷ ಮರೆಸಿಕೊಂಡು ಹೋಗಿ ಆಕೆಯ ಆಶೀರ್ವಾದ ಪಡೆದನೆಂಬುದು ಗೀಗೀ ಮೇಳಗಳ ನೆಚ್ಚಿನ ಪ್ರಸಂಗ. ರಾಣಿ ಹೋದ ವರ್ಷ ಕಳೆಯುವುದರೊಳಗೆ ಕಿತ್ತೂರ ಸೀಮೆಯ ಕಾಡುಗಳಲ್ಲಿ ಜನ ಕೂಡತೊಡಗಿತು. ಹೊಲ ಕಳೆದುಕೊಂಡ ಶೇತಸನದಿಗಳು, ಕೆಲಸ ಕಳೆದುಕೊಂಡ ಹಳೆಯ ಸಿಪಾಯಿಗಳು, ಬೇಡರು, ಕುರುಬರು, ಮುಸಲ್ಮಾನರು, ಖಾನಾಪುರದ ಅಡವಿಯ ಸಿದ್ದಿಗಳು ಬಂದರು. ಸಿದ್ದಿ ಗಜವೀರ, ಬಿಚ್ಚುಗತ್ತಿ ಚನ್ನಬಸಪ್ಪ ಮುಂತಾದವರು ರಾಯಣ್ಣನ ಬಲಗೈಯಾದರು. ಬಾಲಕ ಶಿವಲಿಂಗಪ್ಪನೇ ಕಿತ್ತೂರಿನ ದೊರೆಯೆಂದು ಅವರು ಸಾರಿದರು. ಒಬ್ಬ ಹಳ್ಳಿಯ ಕಾವಲುಗಾರ ಸೇನಾಪತಿಯಾದ; ಅವನಿಗೆ ಆ ಪದವಿಯನ್ನು ಕೊಡಲು ಯಾವ ದರಬಾರೂ ಉಳಿದಿರಲಿಲ್ಲ, ಜನವೇ ಕೊಟ್ಟಿತು.

1830ರ ಜನವರಿಯ ಮೊದಲ ವಾರದಲ್ಲಿ ಬೀಡಿಯ ಸರಕಾರಿ ಕಚೇರಿ ಹೊತ್ತಿ ಉರಿಯಿತು. ಕೂಡಲೇ ನಂದಗಡ, ಖಾನಾಪುರ, ಸಂಪಗಾವಿಗಳ ಕಡೆ ಬಂಡಾಯ ಹಬ್ಬಿತು. ಖಜಾನೆಗಳು ಲೂಟಿಯಾದವು, ಅದಕ್ಕಿಂತ ಮುಖ್ಯವಾಗಿ ದಫ್ತರಗಳು ಸುಟ್ಟವು. ರಾಯಣ್ಣನ ಜನ ಹುಡುಕಿ ಹುಡುಕಿ ಬೆಂಕಿಗೆ ಹಾಕಿದ್ದು ಸಾಲದ ಪತ್ರಗಳನ್ನು, ಕಂದಾಯದ ಕಡತಗಳನ್ನು. ಯಾವ ಕಾಗದ ಅವರ ಹೊಲವನ್ನು ತಿಂದಿತ್ತೋ ಆ ಕಾಗದವನ್ನು. ಕೆಲವು ನೂರು ಮಂದಿಯಿಂದ ಆರಂಭವಾದ ದಂಡು ಸಾವಿರದ ಹತ್ತಿರಕ್ಕೆ ಬೆಳೆಯಿತು. ಹಗಲು ಹಂಡಿಬಡಗನಾಥದ ದಟ್ಟಡವಿ, ರಾತ್ರಿ ಹಲವು ಹರದಾರಿಯಾಚೆಯ ಕಚೇರಿ. ಕಂಪನಿಯ ಸೈನ್ಯ ಅಲ್ಲಿಗೆ ಮುಟ್ಟುವಾಗ ಬೂದಿ ಮಾತ್ರ. ಹಳ್ಳಿಗಳು ರೊಟ್ಟಿ ಕಟ್ಟಿಕೊಟ್ಟವು, ಸುದ್ದಿ ಮುಟ್ಟಿಸಿದವು, ದಂಡಿನವರು ಕೇಳಿದರೆ ಕಂಡಿಲ್ಲವೆಂದವು. ಊರೂರಿನ ಕಾವಲುಗಾರರೇ ಬಂಡಾಯಗಾರರಾದ ಮೇಲೆ ಬಂಡಾಯಗಾರರನ್ನು ಹಿಡಿದುಕೊಡುವವರಾರು? ಕಂಪನಿ ಬೊಕ್ಕಸದ ಬಲವಿದ್ದ ಸೈನ್ಯವನ್ನು ತಂದಿತ್ತು, ಆದರೆ ಆ ಸೀಮೆಯ ಕಣ್ಣು ಕಿವಿಗಳೆಲ್ಲ ಆಗ ರಾಯಣ್ಣನವು.

ಬಲದಿಂದ ಆಗದ್ದು ಭೇದದಿಂದ ಆಯಿತು. ನಮ್ಮ ಇತಿಹಾಸದ ಈ ಹಳೆಯ ವ್ರಣವನ್ನು ಮರೆಮಾಚುವುದು ವಂಶಜರಾದ ನಮಗೆ ತಕ್ಕುದಲ್ಲ. ಧಾರವಾಡದ ಅಮಲ್ದಾರ ಕೃಷ್ಣರಾಯನ ಹೂಟದಂತೆ ಖೋದಾನಪುರದ ಲಿಂಗನಗೌಡ, ನೇಗಿನಹಾಳದ ವೆಂಕನಗೌಡ ಎಂಬವರು ಗೆಳೆಯರಂತೆ ರಾಯಣ್ಣನ ದಂಡಿನೊಳಗೆ ಸೇರಿದರು. ಉಂಡ ಮನೆಗೆ ಎರಡು ಬಗೆದರು. 1830ರ ಏಪ್ರಿಲ್‌ನ ಒಂದು ದಿನ ಡೋರಿ ಹಳ್ಳದಲ್ಲಿ ಸ್ನಾನಕ್ಕಿಳಿದ ರಾಯಣ್ಣ ತನ್ನ ಕತ್ತಿಯನ್ನು ನಂಬಿದವರ ಕೈಗೆ ಕೊಟ್ಟಿದ್ದ. ಒದ್ದೆ ಮೈಯಲ್ಲಿ, ಬರಿಗೈಯಲ್ಲಿ ಹಳ್ಳದಿಂದ ಮೇಲೆ ಬಂದವನು ಕತ್ತಿ ಕೇಳಿದಾಗ ಅದು ಕೈಯಿಂದ ಕೈಗೆ ದಾಟಿ ದೂರ ಹೋಗಿತ್ತು. ಸುತ್ತಲಿನ ಪೊದೆಗಳಿಂದ ಕಂಪನಿಯ ಜನ ಎದ್ದರು. ಅಹೋರಾತ್ರಿ ಕಾವಲು ಕಾಯುವುದನ್ನೇ ಕುಲವೃತ್ತಿಯಾಗಿ ಉಳ್ಳವನು ಕಾವಲು ಬಿಟ್ಟ ಒಂದೇ ಗಳಿಗೆ ಅದು. ದಂಡು ಚದರಿತು, ವಿಚಾರಣೆ ನಡೆಯಿತು. 1831ರ ಜನವರಿ 26ರಂದು, ಆತ ಕಚೇರಿ ಸುಟ್ಟಿದ್ದ ನಂದಗಡದಲ್ಲಿಯೇ, ಆ ಸೀಮೆಯ ಜನಕ್ಕೆಲ್ಲ ಕಾಣುವಂತೆ, ಸಂಗಡಿಗರೊಡನೆ ಆತನನ್ನು ನೇಣಿಗೇರಿಸಿದರು. ಮೂವತ್ತೆರಡರ ಆಸುಪಾಸಿನ ಪ್ರಾಯ. ಶಿಕ್ಷೆಯನ್ನು ನೋಡಿ ಜನ ಹೆದರಲಿ ಎಂಬ ಕಾರಣಕ್ಕೇ ಕಂಪನಿ ಆ ಸ್ಥಳವನ್ನು ಆರಿಸಿತ್ತು. ಜನ ಹೆದರಲಿಲ್ಲ. ಗೋರಿಯ ಬಳಿ ಆಲದ ಸಸಿ ನೆಟ್ಟರು. ಆ ಆಲ ಬೆಳೆದು ಮಕ್ಕಳ ಫಲ ಬೇಡುವವರು ತೊಟ್ಟಿಲು ಕಟ್ಟುವ ಹರಕೆಯ ಮರವಾಯಿತು. ಸರಕಾರಿ ಕಡತದಲ್ಲಿ ದರೋಡೆಕೋರನೆನಿಸಿಕೊಂಡವನಿಗೆ ಇಂಥ ಪೂಜೆ ಸಲ್ಲಿಸುವುದು ಆ ಸೀಮೆಯ ತಾಯಂದಿರು ಆ ಕಡತಕ್ಕೆ ಕೊಟ್ಟ ತೀರ್ಪೆಂದೇ ನಾನು ತಿಳಿಯುತ್ತೇನೆ.

ನಂದಗಡದ ನೇಣು ಆ ಯುಗದ ಕೊನೆಯಾಗಲಿಲ್ಲ. 1841ರಲ್ಲಿ ಬಾದಾಮಿಯ ಕೋಟೆಯ ಮೇಲೆ ಕಂಪನಿಯ ಬಾವುಟ ಇಳಿದು ಕೆಲವು ದಿನ ಬೇರೊಂದು ಬಾವುಟ ಹಾರಿತು. 1857ರ ಜೂನ್ ತಿಂಗಳಲ್ಲಿ ಕಾಶಿಯ ದಂಡಿನ ಮೈದಾನದಲ್ಲಿ ಕರ್ನಲ್ ನೀಲ್ ಸಿಪಾಯಿಗಳ ಶಸ್ತ್ರ ಕಸಿಯಲು ಹೋಗಿ ರಕ್ತ ಹರಿಸಿದ. ಅದೇ ವರ್ಷದ ಕೊನೆಗೆ ನಿಶ್ಶಸ್ತ್ರೀಕರಣದ ಕಾಯಿದೆ ಮುಧೋಳ ಸೀಮೆಯ ಹಲಗಲಿಯ ಬೇಡರ ಮನೆಬಾಗಿಲಿಗೆ ಬಂತು. ಆಯುಧವೇ ಅನ್ನವಾಗಿದ್ದ ಆ ಜನ ಕೊಡಲೊಲ್ಲೆವೆಂದರು. ಊರು ಸುಟ್ಟಿತು, ಹಿರಿಯರು ನೇಣಿಗೆ ಹೋದರು. ಮರುವರ್ಷ, ದತ್ತಕದ ಅದೇ ಹಳೆಯ ನಿರಾಕರಣೆಯನ್ನು ಕಂಡಿದ್ದ ನರಗುಂದದ ಭಾಸ್ಕರರಾಯ ಬಾಬಾಸಾಹೇಬ ಬಂಡೆದ್ದ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದ. ಕಂಪನಿಯ ಮಾಮಲೇದಾರನಾಗಿ ದುಡಿದು, ಆ ಚಾಕರಿಯಿಂದ ಹೊರಬಿದ್ದು, ಶಸ್ತ್ರ ಕೂಡಿಸಿದ್ದ ಮುಂಡರಗಿಯ ಭೀಮರಾಯ ಕೊಪ್ಪಳದ ಕೋಟೆಯನ್ನು ಹಿಡಿದ. ರಾಯಣ್ಣ ಊರ ಕಾವಲಿನ ಕೆಲಸದಿಂದ ರಣಕ್ಕೆ ಬಂದಂತೆ ಈತ ಕಚೇರಿಯ ಗಾದಿಯಿಂದ ಬಂದವನು; ಇಬ್ಬರೂ ಆಳುವ ಯಂತ್ರವನ್ನು ಒಳಗಿನಿಂದ ಕಂಡವರು, ಕಂಡದ್ದರಿಂದಲೇ ಅದರ ವಿರುದ್ಧ ನಿಂತವರು. ಜೂನ್ 1ರಂದು ಕೋಟೆಯ ಗೋಡೆ ಒಡೆಯಿತು. ಭೀಮರಾಯ ಸೆರೆಸಿಗಲಿಲ್ಲ, ಹಮ್ಮಿಗಿಯ ಕೆಂಚನಗೌಡನೊಡನೆ ಅಲ್ಲಿಯೇ ಕಾದಾಡಿ ಬಿದ್ದ. ಹನ್ನೊಂದು ದಿನಗಳ ತರುವಾಯ, ಜೂನ್ 12ರಂದು, ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು.